ಕೆರಿಬಿಯನ್‌ನ ಗ್ರೆನಡೀನ್ಸ್ ದ್ವೀಪಗಳಲ್ಲಿ 10 ದಿನ, ಸ್ಕಿಪ್ಪರ್ (ದೋಣಿ ನಡೆಸುವವ) ಇಲ್ಲದ ಬಾಡಿಗೆ ಯಾಟ್: ದಾರಿ, ಲಂಗರು, ನೀರು, ಊಟ?

ಕಡಲಹಕ್ಕಿ
ಫೆಬ್ರವರಿ ಕೊನೆಗೆ ನಾಲ್ಕು ಜನ ಹೋಗುವ ಯೋಚನೆ. 40 ಅಡಿಯ ಮೊನೊಹಲ್ (ಒಂದೇ ಒಡಲಿನ ಹಾಯಿದೋಣಿ). ಸೇಂಟ್ ವಿನ್ಸೆಂಟ್‌ನ ಬ್ಲೂ ಲಗೂನ್‌ನಿಂದ ಹೊರಟು ಅಲ್ಲಿಗೇ ವಾಪಸ್. ನಡುವೆ ಬೆಕ್ವೆ, ಮಸ್ಟೀಕ್, ಕನೂವಾನ್, ಟೊಬೇಗೊ ಕೀಸ್, ಯೂನಿಯನ್, ಆಮೇಲೆ ಗ್ರೆನಡಾಕ್ಕೆ ಸೇರಿದ ಕ್ಯಾರಿಯಕೂ. ಇಬ್ಬರ ಹತ್ತಿರ ಡೇ ಸ್ಕಿಪ್ಪರ್ (ಹಗಲಿನಲ್ಲಿ ಯಾಟ್ ನಡೆಸುವ ಅರ್ಹತಾ ಪತ್ರ) ಇದೆ, ಓಡಿಸಿರುವುದು ಮುಂಬೈ-ಗೋವಾ ನೀರಿನಲ್ಲಿ. ಹವಳದ ದಿಬ್ಬಗಳ ನಡುವೆ ಅಭ್ಯಾಸ ಇಲ್ಲ.

ಈ ದಾರಿ 10 ದಿನಕ್ಕೆ ಸರಿಹೋಗುತ್ತದೆಯೇ? ರಾತ್ರಿ ಲಂಗರು ಹಾಕುವುದೋ, ಮೂರಿಂಗ್ ಬಾಯ್‌ಗೆ (ತಳಕ್ಕೆ ಬಿಗಿದಿಟ್ಟ ತೇಲುಗುಂಡು) ಕಟ್ಟುವುದೋ? ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು, ಅದಕ್ಕೇನು ದಾರಿ?

ಲೀ_ಕಡೆ
ದಾರಿ ಉದ್ದವಾಯಿತು. ಕ್ಯಾರಿಯಕೂ ಬಿಡಿ. ದೂರ ಹೆಚ್ಚೇನಿಲ್ಲ, ಯೂನಿಯನ್‌ನಿಂದ ಅಲ್ಲಿನ ಹಿಲ್ಸ್‌ಬರೋಗೆ ಎಂಟು ನಾಟಿಕಲ್ ಮೈಲಿಯ ಆಸುಪಾಸು. ಆದರೆ ಅದು ಬೇರೆ ದೇಶ. ಯೂನಿಯನ್‌ನ ಕ್ಲಿಫ್ಟನ್ ಬಂದರಿನಲ್ಲಿ ನಿರ್ಗಮನ ಮುದ್ರೆ, ಅಲ್ಲಿ ಪ್ರವೇಶ, ಮತ್ತೆ ಅದೇ ಉಲ್ಟಾ. ಒಂದೂವರೆ ದಿನ ಕಚೇರಿಗೇ ಹೋಗುತ್ತದೆ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ನೇರವಾಗಿ ಅಪ್ಪಳಿಸಿದ್ದು ಕ್ಯಾರಿಯಕೂ ಮೇಲೆ. ಪಕ್ಕದ ಯೂನಿಯನ್, ಮೈರೋ ಕೂಡ ನೆಲಕಚ್ಚಿದವು. ಆದ್ದರಿಂದ ಹಳೆಯ ಗೈಡ್‌ಬುಕ್‌ನಲ್ಲಿರುವ ಜೆಟ್ಟಿ, ಅಂಗಡಿ, ಡೀಸೆಲ್ ಪಂಪ್ ಇವತ್ತು ಇದೆಯೇ ಎಂದು ಯಾಟ್ ಬಾಡಿಗೆ ಕೊಡುವ ಬೇಸ್‌ನವರನ್ನು ಕೇಳಿಕೊಂಡೇ ಹೊರಡಿ.

ಮಸ್ಟೀಕ್ ಬೆಕ್ವೆಯಿಂದ ಆಗ್ನೇಯಕ್ಕಿದೆ, ಅಂದರೆ ಗಾಳಿಗೆ ಎದುರಾಗಿ ಹೋಗಬೇಕು. ನಾನಾದರೆ ಅದನ್ನೂ ಬಿಡುತ್ತೇನೆ.

ಮುಖ್ಯವಾದದ್ದು ವಾಪಸ್ ದಾರಿ. ದ್ವೀಪಗಳ ಸಾಲು ಉತ್ತರ-ಈಶಾನ್ಯದಿಂದ ದಕ್ಷಿಣ-ನೈಋತ್ಯಕ್ಕೆ ಇಳಿಯುತ್ತದೆ, ಗಾಳಿ ಪೂರ್ವ ಇಲ್ಲವೇ ಪೂರ್ವ-ಈಶಾನ್ಯದಿಂದ. ಇಳಿಯುವಾಗ ಗಾಳಿ ಪಕ್ಕೆಯ ಹಿಂದೆ, ಆರಾಮ. ಹತ್ತುವಾಗ ಗಾಳಿಗೆ ಮುಖ ಕೊಟ್ಟಂತೆಯೇ, ಜೊತೆಗೆ ದ್ವೀಪಗಳ ನಡುವೆ ಪಶ್ಚಿಮಕ್ಕೆ ಒಂದು ನಾಟ್‌ನಷ್ಟು (ಗಂಟೆಗೆ ಒಂದು ನಾಟಿಕಲ್ ಮೈಲಿ) ಸೆಳೆತ. 6 ನಾಟ್ ವೇಗಕ್ಕೆ 1 ನಾಟ್ ಅಡ್ಡ ಸೆಳೆತ ಎಂದರೆ ಗುರಿಗಿಂತ ಸುಮಾರು 10 ಡಿಗ್ರಿ ಪೂರ್ವಕ್ಕೆ ದೋಣಿಯ ಮೂತಿ ಹಿಡಿಯಬೇಕು. ಹಿಡಿಯದಿದ್ದರೆ ಒಂದೂವರೆ ಗಂಟೆಯಲ್ಲಿ ಒಂದೂವರೆ ಮೈಲಿ ಕೆಳಗೆ ಜಾರಿರುತ್ತೀರಿ, ಆಮೇಲೆ ಆ ದೂರವನ್ನು ಗಾಳಿಗೆ ಎದುರಾಗಿ ಗಳಿಸಬೇಕು. ಮುಂದೆ ಕಾಣುವ ದ್ವೀಪದ ತುದಿಯನ್ನು ಅದರ ಹಿಂದಿನ ಗುಡ್ಡದ ಜೊತೆ ಸಾಲು ಹಿಡಿದು ನೋಡುತ್ತಿರಿ. ಸಾಲು ತಪ್ಪುತ್ತಿದ್ದರೆ ಜಾರುತ್ತಿದ್ದೀರಿ ಎಂದರ್ಥ.

ಹಾಗಾಗಿ ಇಳಿಯಲು ನಾಲ್ಕು ದಿನ, ಕೀಸ್‌ನಲ್ಲಿ ಎರಡು ರಾತ್ರಿ, ಹತ್ತಲು ಮೂರು ದಿನ, ಒಂದು ದಿನ ಗಾಳಿಗೆಂದೇ ಮೀಸಲು. ಕನೂವಾನ್‌ನಿಂದ ಬೆಕ್ವೆಗೆ ಹತ್ತುವ ದಿನ ಬೆಳಕು ಹರಿಯುತ್ತಲೇ ಹೊರಡಿ. 18-20 ನಾಟ್‌ಗೇ ಮೊದಲ ರೀಫ್ ಹಾಕಿ, ಅಂದರೆ ಹಾಯಿಯನ್ನು ಒಂದು ಹಂತ ಕುಗ್ಗಿಸಿ. ಸೇಂಟ್ ವಿನ್ಸೆಂಟ್-ಬೆಕ್ವೆ ನಡುವಿನ ಕಾಲುವೆಯಲ್ಲಿ ಗಾಳಿ ಒತ್ತಿಕೊಂಡು ಬಂದು ಮುನ್ಸೂಚನೆಗಿಂತ ಐದಾರು ನಾಟ್ ಹೆಚ್ಚಿರುವುದು ಮಾಮೂಲು, ಅಲ್ಲಿ ಹೋಗಿ ಹಾಯಿ ಕುಗ್ಗಿಸುವ ಪಾಡು ಬೇಡ. ತಿಂಗಳು ಒಳ್ಳೆಯದನ್ನೇ ಆರಿಸಿದ್ದೀರಿ. ಡಿಸೆಂಬರ್ ಮಧ್ಯದಿಂದ ಜನವರಿವರೆಗೆ ‘ಕ್ರಿಸ್‌ಮಸ್ ಗಾಳಿ’ ವಾರಗಟ್ಟಲೆ 25-30 ನಾಟ್ ಬೀಸುವುದುಂಟು.

ಪಾತಾಳಗರಡಿ
ಭಾರತದಲ್ಲಿ ಕಲಿತವರು ಗಮನಿಸಬೇಕಾದ್ದು ಒಂದಿದೆ. ನಮ್ಮಲ್ಲಿ ಬಾಯ್‌ಗಳು ಐಎಎಲ್‌ಎ ಎಂಬ ಅಂತರರಾಷ್ಟ್ರೀಯ ಗುರುತುಗಳ ‘ಎ’ ಪದ್ಧತಿ, ಬಂದರಿಗೆ ಒಳಬರುವಾಗ ಕೆಂಪು ಎಡಕ್ಕೆ. ಕೆರಿಬಿಯನ್‌ನಲ್ಲಿ ‘ಬಿ’, ಕೆಂಪು ಬಲಕ್ಕೆ. ಯಾವ ದಿಕ್ಕಿನಿಂದ ಹಾದುಹೋಗಬೇಕೆಂದು ತೋರಿಸುವ ಹಳದಿ-ಕಪ್ಪು ಕಾರ್ಡಿನಲ್ ಗುರುತುಗಳು ಎರಡೂ ಕಡೆ ಒಂದೇ. ಚುಕ್ಕಾಣಿಯ ಪಕ್ಕ ಚೀಟಿ ಅಂಟಿಸಿಕೊಳ್ಳಿ. ದಣಿದಾಗ ಕೈ ಹಳೆಯ ರೂಢಿಗೇ ಹೋಗುತ್ತದೆ.

ಹವಳದ ನಡುವೆ ಪ್ಲಾಟರ್‌ಗಿಂತ (ಜಿಪಿಎಸ್ ನಕ್ಷೆಯ ಪರದೆ) ಕಣ್ಣು ನಂಬಿ, ಕಣ್ಣಿಗೆ ಬೇಕಾದದ್ದು ಬೆನ್ನ ಹಿಂದಿನ ಸೂರ್ಯ. ಟೊಬೇಗೊ ಕೀಸ್‌ಗೆ ಒಳಹೋಗುವುದು ಪೂರ್ವಕ್ಕೆ ಮುಖಮಾಡಿ, ಬೆಳಿಗ್ಗೆ 9ಕ್ಕೆ ಹೋದರೆ ನೀರೆಲ್ಲ ಬೆಳ್ಳಿ ತಗಡು, ಏನೂ ಕಾಣದು. 11ರಿಂದ 2ರ ಒಳಗೆ ಹೋಗಿ. ಕ್ಲಿಫ್ಟನ್‌ಗೆ ಲೆಕ್ಕ ಉಲ್ಟಾ: ಪೂರ್ವದಿಂದ ಬರುತ್ತೀರಿ, ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಬಂದರಿನ ನಡುವೆಯೇ ರೌಂಡಬೌಟ್ ರೀಫ್ ಎಂಬ ಹವಳದ ದಿಬ್ಬ ಕುಳಿತಿದೆ. ಮಧ್ಯಾಹ್ನ ಒಂದರೊಳಗೆ ಸೇರಿಕೊಳ್ಳಿ. ಪೋಲರೈಸ್ಡ್ ಕನ್ನಡಕ ಹಾಕಿದ ಒಬ್ಬರು ಮೂತಿಯಲ್ಲಿ ನಿಂತಿರಲಿ, ವೇಗ 3 ನಾಟ್ ದಾಟಬಾರದು.

ಬಣ್ಣ ಓದುವುದು ಹೀಗೆ. ಕಡುನೀಲಿ ಆಳ. ತಿಳಿ ಹಸಿರು-ನೀಲಿ ಮರಳು, ಸುಮಾರು 3-5 ಮೀಟರ್. ಕಂದು ಅಥವಾ ಹಳದಿ ಮಿಶ್ರಿತ ಕಂದು ಕಂಡರೆ ಹವಳ ಮೇಲೆಯೇ ಇದೆ, ತಿರುಗಿಸಿ. ಸಮುದ್ರದ ಹುಲ್ಲೂ ಕಪ್ಪಗೆ ಕಾಣುತ್ತದೆ, ಅಂಚು ಮಬ್ಬಾಗಿರುತ್ತದೆ. ಮೋಡದ ನೆರಳು ಚಲಿಸುತ್ತದೆ, ಹವಳ ಚಲಿಸುವುದಿಲ್ಲ.

ಕೀಸ್‌ಗೆ ಉತ್ತರ-ಪಶ್ಚಿಮದ ದಾರಿ ಮಾತ್ರ ಹಿಡಿಯಿರಿ: ಬೇಲೀನ್ ರಾಕ್ಸ್‌ನ ದಕ್ಷಿಣಕ್ಕೆ ಬಂದು, ಪೆಟಿಟ್ ರಾಮೋ ಮತ್ತು ಪೆಟಿಟ್ ಬಾಟೋ ನಡುವಿನ ಸೀಳಿನ ಮೂಲಕ. ಹೊರಡುವುದೂ ಅದರಲ್ಲೇ. ದಕ್ಷಿಣದ ದಾರಿ ಚಾರ್ಟ್‌ನಲ್ಲಿ ಹತ್ತಿರ ಕಾಣುತ್ತದೆ, ಅಲ್ಲಿ ಚದುರಿದ ಹವಳ ಜಾಸ್ತಿ. ಯೂನಿಯನ್‌ನಿಂದ ಪೆಟಿಟ್ ಸೇಂಟ್ ವಿನ್ಸೆಂಟ್ ಕಡೆ ಇಳಿಯುವ ಮನಸ್ಸಾದರೆ ಗ್ರ್ಯಾಂಡ್ ಡಿ ಕಾಯ್ ರೀಫ್ ನೋಡಿಕೊಳ್ಳಿ. ಅದರ ಪಶ್ಚಿಮಕ್ಕೆ ಹಳದಿ-ಕಪ್ಪು ಕಂಬ, ಕಂಬದ ಪಶ್ಚಿಮಕ್ಕೇ ಹಾದುಹೋಗಬೇಕು. ನೇರ ಗೆರೆ ಎಳೆದವರು ಅಲ್ಲಿ ತಳ ಒಡೆದುಕೊಂಡಿದ್ದಾರೆ.

ರಾತ್ರಿ ಓಡಿಸಬೇಡಿ. ಎಷ್ಟೋ ದೀಪಗಳು ಉರಿಯುವುದಿಲ್ಲ, 6ರ ಸುಮಾರಿಗೇ ಕತ್ತಲು.

ಸರಪಳಿ
ಲಂಗರಿನ ಲೆಕ್ಕ. ಆಳ 4 ಮೀ, ನೀರಿನಿಂದ ಮೂತಿಯ ಎತ್ತರ 1.3, ಉಬ್ಬರಕ್ಕೆ 0.5. ಒಟ್ಟು 5.8. ಐದು ಪಟ್ಟು ಅಂದರೆ 29 ಮೀಟರ್ ಸರಪಳಿ, ಗಾಳಿ ಜೋರಿದ್ದರೆ ಏಳು ಪಟ್ಟು, ಸುಮಾರು 41 ಮೀಟರ್. ಸೌಂಡರ್ (ಆಳ ಅಳೆಯುವ ಉಪಕರಣ) ತೋರಿಸುವುದು ನೀರಿನ ಮೇಲ್ಮೈಯಿಂದಲೋ ದೋಣಿಯಡಿಯ ಕೀಲ್‌ನಿಂದಲೋ ಎಂದು ಬೇಸ್‌ನಲ್ಲೇ ಕೇಳಿ, ಎಲ್ಲರೂ ಇದನ್ನು ಮರೆಯುತ್ತಾರೆ.

ಮರಳಿನ ತಿಳಿ ಮಚ್ಚೆ ನೋಡಿ ಇಳಿಸಿ. ದೋಣಿ ತಾನಾಗಿ ಹಿಂದೆ ಸರಿದು ಸರಪಳಿ ಬಿಗಿಯಾದ ಮೇಲೆ ರಿವರ್ಸ್‌ನಲ್ಲಿ ನಿಧಾನವಾಗಿ 1,500 ಆರ್‌ಪಿಎಂವರೆಗೆ ಏರಿಸಿ, ಅರ್ಧ ನಿಮಿಷ ಹಿಡಿಯಿರಿ. ದಡದ ಎರಡು ವಸ್ತು ಸಾಲು ತಪ್ಪದಿದ್ದರೆ ಕಚ್ಚಿದೆ. ಆಮೇಲೂ ಮಾಸ್ಕ್ ಹಾಕಿ ಈಜಿ ನೋಡಿ. ಹುಲ್ಲಿನ ಬೇರಿಗೆ ಸಿಕ್ಕಿದ ಲಂಗರು ಮೇಲೆ ಗಟ್ಟಿ ಅನ್ನಿಸಿ ನಡುರಾತ್ರಿ ಕಿತ್ತುಬರುತ್ತದೆ. 12-14 ಮಿ.ಮೀ. ನೈಲಾನ್ ಹಗ್ಗದ ಸ್ನಬ್ಬರ್ (ಎಳೆತ ಹೀರುವ ಹಗ್ಗ) ಹಾಕಿ ಭಾರವನ್ನು ಕ್ಲೀಟ್‌ಗೆ (ಹಗ್ಗ ಕಟ್ಟುವ ಗೂಟ) ವರ್ಗಾಯಿಸಿ, ಸರಪಳಿ ಎತ್ತುವ ವಿಂಡ್‌ಲಾಸ್ ಆ ಎಳೆತ ತಡೆಯುವ ಯಂತ್ರವಲ್ಲ. ಎತ್ತುವಾಗಲೂ ಎಂಜಿನ್‌ನಿಂದ ಮುಂದೆ ಹೋಗಿ ಸರಪಳಿ ಸಡಿಲಿಸಿಕೊಂಡು ಎತ್ತಿ. ವಿಂಡ್‌ಲಾಸ್‌ನಿಂದಲೇ ದೋಣಿ ಎಳೆದರೆ ಅದರ ವಿದ್ಯುತ್ ಬ್ರೇಕರ್ ಬೀಳುತ್ತದೆ. ಆ ಬ್ರೇಕರ್ ಯಾವ ಬಂಕ್ (ಮಲಗುವ ಹಲಗೆ) ಕೆಳಗಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಕಡಲಹಕ್ಕಿ
ಬಹಳ ಉಪಯೋಗವಾಯಿತು. ಕೀಸ್‌ನಲ್ಲಿ ಪಾರ್ಕಿನ ಮೂರಿಂಗ್ ಇವೆಯಂತಲ್ಲ, ಅದು ಸುರಕ್ಷಿತ ಅಲ್ಲವೇ? ಊಟದ ವಿಷಯ ಯಾರೂ ಹೇಳಲಿಲ್ಲ.

ಸರಪಳಿ
ಮೂರಿಂಗ್ ಹವಳಕ್ಕೆ ಒಳ್ಳೆಯದು, ನಿಮಗೆ ಒಳ್ಳೆಯದೋ ಎಂದು ಮುಳುಗಿ ನೋಡಿದ ಮೇಲೆ ಹೇಳಬೇಕು. ಬಾಯ್‌ನ ಕೆಳಗಿನ ಹಗ್ಗ ಸವೆದಿದೆಯೇ, ಶ್ಯಾಕಲ್‌ನ (ಕಬ್ಬಿಣದ ಕೊಂಡಿ) ಪಿನ್ನಿಗೆ ತಂತಿ ಬಿಗಿದಿದೆಯೇ ನೋಡಿ. ಎರಡು ಹಗ್ಗ ಬೇಕು: ಬಲ ಕ್ಲೀಟ್‌ನಿಂದ ಹೊರಟದ್ದು ಕುಣಿಕೆ ದಾಟಿ ಬಲ ಕ್ಲೀಟ್‌ಗೇ, ಎಡದ್ದು ಎಡಕ್ಕೇ. ಒಂದೇ ಹಗ್ಗವನ್ನು ಎಡದಿಂದ ಬಲಕ್ಕೆ ಹಾಯಿಸಿದರೆ ದೋಣಿ ಓಲಾಡಿದಂತೆಲ್ಲ ಹಗ್ಗ ಕುಣಿಕೆಯಲ್ಲಿ ಗರಗಸದಂತೆ ಉಜ್ಜಿ ಬೆಳಗಾಗುವುದರೊಳಗೆ ತುಂಡಾಗಬಹುದು. ಕೀಸ್‌ನ ಹವಳದ ದಿಬ್ಬ ಹಾರ್ಸ್‌ಶೂ ರೀಫ್ ಅಲೆ ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ ಎಂಬುದು ನೆನಪಿರಲಿ. ಅಲ್ಲಿನ ಬ್ಯಾರಡಾಲ್ ದ್ವೀಪದ ಪಕ್ಕ ಬಾಯ್ ಕಟ್ಟಿದ ಜಾಗ ಆಮೆಗಳದು, ಅದರೊಳಗೆ ಲಂಗರು ಹಾಕುವಂತಿಲ್ಲ. ವಿದೇಶಿಯರು ಈಟಿಯಿಂದ ಮೀನು ಹೊಡೆಯುವುದಕ್ಕೆ ಇಡೀ ದೇಶದಲ್ಲೇ ನಿಷೇಧ.

ಜೀಗುಜ್ಜೆ_ಪೋಡಿ
ಊಟದ ಚಿಂತೆ ಬೇಡ ಮಾರಾಯ್ರೆ. 1861ರಲ್ಲಿ ಮದ್ರಾಸಿನಿಂದ ‘ಟ್ರಾವಂಕೋರ್’ ಹಡಗಿನಲ್ಲಿ ಕೂಲಿಯವರು ಸೇಂಟ್ ವಿನ್ಸೆಂಟ್‌ಗೆ ಬಂದಿಳಿದರು. ಈ ದ್ವೀಪಗಳಲ್ಲೆಲ್ಲ ರೋಟಿ ಸಿಗುತ್ತದೆ. ಕಡಲೆ-ಆಲೂಗಡ್ಡೆಯದ್ದು ಕೇಳಿ, ಕೋಳಿ ಬೇಡ ಎಂದು ಸ್ಪಷ್ಟವಾಗಿ ಹೇಳಿ. ಬ್ರೆಡ್‌ಫ್ರೂಟ್ ಎಂದರೆ ನಮ್ಮ ಜೀಗುಜ್ಜೆಯೇ, ಬ್ರಿಟಿಷ್ ನೌಕಾಧಿಕಾರಿ ಕ್ಯಾಪ್ಟನ್ ಬ್ಲೈ 1793ರಲ್ಲಿ ಅಲ್ಲಿಗೆ ಸಸಿ ತಂದದ್ದು. ಪಲ್ಯ, ಪೋಡಿ ಎರಡೂ ಆಗುತ್ತದೆ. ಕ್ಯಾಲಲೂ ಎಂದು ಮಾರುವುದು ಹೆಚ್ಚಾಗಿ ಕೆಸುವಿನ ಎಲೆ, ಹುಣಸೆ ಹಾಕದೆ ಬೇಯಿಸಿದರೆ ಗಂಟಲು ತುರಿಸೀತು. ಅಕ್ಕಿ, ಮಸೂರ್ ಬೇಳೆ ಸೇಂಟ್ ವಿನ್ಸೆಂಟ್‌ನ ಕಿಂಗ್ಸ್‌ಟೌನ್‌ನಲ್ಲೇ ತುಂಬಿಸಿಕೊಳ್ಳಿ, ತರಕಾರಿ ಬೆಕ್ವೆಯ ಪೋರ್ಟ್ ಎಲಿಜಬೆತ್‌ನಲ್ಲಿ. ಅದರಿಂದಾಚೆ ಕಡಿಮೆ, ತುಟ್ಟಿ. ಸಾರಿನ ಪುಡಿ ಊರಿಂದಲೇ ಹೋಗಲಿ.

3 ಲೀಟರಿನ ಕುಕ್ಕರ್ ಸಾಕು, ಒಲೆಯ ಕ್ಲ್ಯಾಂಪ್ ಬಿಗಿದು ಲಂಗರು ಹಾಕಿದಾಗ ಮಾತ್ರ ಇಡಿ. ಅಡುಗೆ ಮುಗಿದ ಕೂಡಲೇ ಗ್ಯಾಸ್ ಸೊಲೆನಾಯ್ಡ್ (ಗ್ಯಾಸ್ ತಡೆಯುವ ವಿದ್ಯುತ್ ವಾಲ್ವ್) ಸ್ವಿಚ್ ಆರಿಸಿ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಳದ ಬಿಲ್ಜ್‌ನಲ್ಲಿ ಕೂತಿರುತ್ತದೆ.

ನೀರು: ತಲೆಗೆ ದಿನಕ್ಕೆ 15 ಲೀಟರ್ ಹಿಡಿದರೆ ನಾಲ್ವರಿಗೆ 60. ಟ್ಯಾಂಕ್ 400 ಇದ್ದರೆ ಆರು ದಿನ. ಪಾತ್ರೆ ಮೊದಲು ಉಪ್ಪುನೀರಲ್ಲಿ ತೊಳೆದು ಕೊನೆಗೆ ಸಿಹಿನೀರು. ಇಳಿಯುವಾಗಲೂ ಹತ್ತುವಾಗಲೂ ಬೆಕ್ವೆಯಲ್ಲಿ ತುಂಬಿಸಿಕೊಳ್ಳಿ, ನೀರಿನ ದೋಣಿ ಪಕ್ಕಕ್ಕೇ ಬರುತ್ತದೆ.

ದಡದಲ್ಲಿ ಹಸಿರು ಸೇಬಿನಂಥ ಸಣ್ಣ ಹಣ್ಣು ಬಿಟ್ಟ ಮರ ಕಂಡರೆ ಅದು ಮ್ಯಾಂಚಿನೀಲ್. ಹಣ್ಣು ವಿಷ, ಮಳೆ ಬಂದಾಗ ಅದರಡಿ ನಿಂತರೆ ತೊಟ್ಟಿಕ್ಕುವ ನೀರಿಗೇ ಮೈ ಬೊಬ್ಬೆ ಏಳುತ್ತದೆ.

ಲೀ_ಕಡೆ
ಕಾಗದಪತ್ರ ಬಿಟ್ಟುಹೋಗಿತ್ತು. ಭಾರತದ ಪಾಸ್‌ಪೋರ್ಟ್‌ಗೆ ಸೇಂಟ್ ವಿನ್ಸೆಂಟ್‌ಗಾಗಲಿ, ದಾರಿಯಲ್ಲಿ ಬಾರ್ಬಡೋಸ್‌ನಲ್ಲಿ ವಿಮಾನ ಬದಲಿಸುವುದಾದರೆ ಅಲ್ಲಿಗಾಗಲಿ ಪ್ರವಾಸಕ್ಕೆ ಮುಂಗಡ ವೀಸಾ ಬೇಡ. ತೊಡಕು ವಿಮಾನದ್ದು: ಅಮೆರಿಕದ ಮೂಲಕ ಹೋದರೆ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು, ಲಂಡನ್, ಟೊರೊಂಟೊಗಳ ಟ್ರಾನ್ಸಿಟ್ ನಿಯಮ ಟಿಕೆಟ್ ಕೊಳ್ಳುವ ಮೊದಲೇ ನೋಡಿ. ಹಣ ಈಸ್ಟರ್ನ್ ಕೆರಿಬಿಯನ್ ಡಾಲರ್, ಒಂದು ಅಮೆರಿಕನ್ ಡಾಲರ್‌ಗೆ 2.70, ಸ್ಥಿರ ದರ. ದೋಣಿಯಲ್ಲಿ ಬಂದು ಬ್ರೆಡ್ಡು, ಹಣ್ಣು ಮಾರುವವರ ಹತ್ತಿರ ‘ಡಾಲರ್’ ಎಂದರೆ ಯಾವುದು ಎಂದು ಮೊದಲೇ ಕೇಳಿ.

ಡಿಂಗಿಯನ್ನು (ದಡಕ್ಕೆ ಹೋಗುವ ಪುಟ್ಟ ದೋಣಿ) ರಾತ್ರಿ ಹ್ಯಾಲಿಯಾರ್ಡ್‌ನಿಂದ (ಹಾಯಿ ಏರಿಸುವ ಹಗ್ಗ) ಮೇಲೆತ್ತಿ ಬೀಗ ಹಾಕಿ. ಹಗಲು ಅದರಲ್ಲಿ ಹುಟ್ಟು, ಸಣ್ಣ ಲಂಗರು, ಕೈ ವಿಎಚ್‌ಎಫ್ ರೇಡಿಯೋ ಇರಲೇಬೇಕು. ಔಟ್‌ಬೋರ್ಡ್ ನಿಂತುಹೋದರೆ ಮೊದಲು ಕಿಲ್ ಕಾರ್ಡ್ (ಕಳಚಿದರೆ ಎಂಜಿನ್ ನಿಲ್ಲಿಸುವ ದಾರ) ಕಳಚಿದೆಯೇ, ಆಮೇಲೆ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ ನೋಡಿ. ಹತ್ತರಲ್ಲಿ ಎಂಟು ಸಲ ಇವೆರಡರಲ್ಲೊಂದು. ಗಾಳಿ ದಡದಿಂದ ಪಶ್ಚಿಮಕ್ಕೆ ತಳ್ಳುತ್ತಿರುತ್ತದೆ, ಆ ಕಡೆ ಮುಂದಿನ ನೆಲ ಮಧ್ಯ ಅಮೆರಿಕ. ಆದ್ದರಿಂದ ತಿರುಪು ನೋಡುವುದಕ್ಕೂ ಮುಂಚೆ ಸಣ್ಣ ಲಂಗರು ನೀರಿಗೆ ಬಿಡಿ.