ಮಗನ ದಮ್ಮಿಗೆ ಬೂಷ್ಟು ಕಾರಣವೋ, ಕಾಂಗ್ರೆಸ್ ಕಸವೋ? ಅನುಭವ ಇದ್ದವರು ಹೇಳಿ

ಕೇಳಿದವರು, ಧಾರವಾಡ: ಮಗನಿಗೆ ಆರು ವರ್ಷ. ಜುಲೈನಲ್ಲಿ ಗೋಡೆ ಬೂಷ್ಟು ಹಿಡಿದಾಗ ಒಮ್ಮೆ, ಮಳೆ ನಿಂತು ಕಾಂಗ್ರೆಸ್ ಕಸ ಹೂ ಬಿಟ್ಟಾಗ ಇನ್ನೊಮ್ಮೆ ದಮ್ಮು ಬರುತ್ತದೆ. ಡಾಕ್ಟರು ದಿನಾ ಪಂಪ್ (ಇನ್ಹೇಲರ್) ಎಳೆಸಲು ಹೇಳಿದ್ದಾರೆ. ಅಲರ್ಜಿ ಟೆಸ್ಟ್ ಮಾಡಿಸಲಾ, ಮನೆ ಬದಲಿಸಲಾ?

ಹುಬ್ಬಳ್ಳಿ ತಾಯಿ: ಟೆಸ್ಟಿನ ಕಥೆ ನನ್ನ ಕೇಳಿ. 4,200 ರೂಪಾಯಿ ಕಟ್ಟಿ ಮಗಳನ್ನು ಕರೆದುಕೊಂಡು ಹೋದೆ. ಹಿಂದಿನ ರಾತ್ರಿ ನೆಗಡಿ ಅಂತ ಅಲರ್ಜಿ ತಡೆಯುವ ಔಷಧಿ ಸೆಟ್ರಿಜಿನ್ ಕುಡಿಸಿದ್ದೆ. ಅದು ಮೈಯಲ್ಲಿದ್ದರೆ ಟೆಸ್ಟಿಗೆ ಚರ್ಮ ಚುಚ್ಚಿದ ಕಡೆ ಗುಳ್ಳೆ ಏಳೋದೇ ಇಲ್ಲವಂತೆ. ಯಾರೂ ಮೊದಲೇ ಹೇಳಿರಲಿಲ್ಲ. ವಾಪಸ್ ಕಳಿಸಿದರು. ಆಟೋಗೆ ಹೋಗಲು 180, ಬರಲು 200, ಮೇಲೆ ಒಂದು ದಿನದ ಪಗಾರ ಕಟ್. ಎರಡನೇ ಸಲ ಆಲ್ಟರ್ನೇರಿಯಾ ಬೂಷ್ಟಿಗೆ ಕೈ ಕೆಂಪಾಗಿ ಉಬ್ಬಿತು. ಕಾಂಗ್ರೆಸ್ ಕಸಕ್ಕೆ ಏನೂ ಇಲ್ಲ! ಎರಡು ವರ್ಷ ಪಕ್ಕದ ಖಾಲಿ ಸೈಟಿನ ಕಸ ಕೀಳಲು ಆಳಿನ ಕೂಲಿ ಕೊಟ್ಟವಳು ನಾನು.

ಗದಗದ ಅಪ್ಪ: ಟೆಸ್ಟ್ ಎಲ್ಲ ಸುಮ್ನೆ. ನಮ್ಮ ಮನೆಯ ಮಾಳಿಗೆ ಸೋರುತ್ತಿತ್ತು. ಒಳಗೆ ದುಬಾರಿ ಪೇಂಟ್ ಹೊಡೆಸಿದೆ, 38,000. ಮೂರೇ ತಿಂಗಳಿಗೆ ಪೇಂಟಿನ ಹಿಂದಿನಿಂದ ಕಪ್ಪು ಚುಕ್ಕೆ. ನೀರು ಬರುವ ದಾರಿ ಮುಚ್ಚದೆ ಬಣ್ಣ ಬಳಿದರೆ ಬೂಷ್ಟು ಹೋಗುತ್ತಾ? ಮಾಳಿಗೆಗೆ ಮತ್ತೆ 22,000 ಹೋಯಿತು. ಅದರ ಮೇಲೆ ಮನೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸೋದನ್ನೂ ನಿಲ್ಲಿಸಿದೆವು. ಆಮೇಲೇ ಹುಡುಗ ರಾತ್ರಿ ಮಲಗಿದ್ದು. ಪಂಪ್ ಮಾತ್ರ ಹಚ್ಚಲಿಲ್ಲ. ಅದರೊಳಗಿನ ಸ್ಟೀರಾಯ್ಡ್ ರೂಢಿ ಆಗುತ್ತದೆ ಅಂತ ಭಯ.

ಹುಬ್ಬಳ್ಳಿ ತಾಯಿ: ಅಣ್ಣಾರ, ಇದೇ ಮಾತು ಕೇಳಿ ನಾನೂ ಒಂದು ವರ್ಷ ಪಂಪ್ ಬಿಡಿಸಿದ್ದೆ. ಮೂರು ಸಲ ಅಡ್ಮಿಟ್. ಪಂಪಿನಲ್ಲಿ ಬರೋದು ಮೈಕ್ರೋಗ್ರಾಂ. ಅಲ್ಲಿ ಕುಡಿಸಿದ ಸ್ಟೀರಾಯ್ಡ್ ಮಿಲಿಗ್ರಾಂ ಲೆಕ್ಕ. ಯಾವುದು ಜಾಸ್ತಿ ಅಂತ ನೀವೇ ಹೇಳಿ. ಈಗ ಪಂಪಿಗೆ ಸ್ಪೇಸರ್ (ಔಷಧಿ ಹಿಡಿದಿಡುವ ಕೊಳವೆ) ಹಚ್ಚಿ ಎಳೆಸುತ್ತೇನೆ, ಬಾಯಿ ಮುಕ್ಕಳಿಸುತ್ತಾಳೆ, ಶಾಲೆಗೆ ಓಡುತ್ತಾಳೆ.

ಗದಗದ ಅಪ್ಪ: ನಿಮ್ಮ ಮಗಳು ನಿಮಗೆ, ನನ್ನ ಮಗ ನನಗೆ. ನಾನೇನು ಮಗನನ್ನು ಕೊಲ್ಲುತ್ತಿದ್ದೇನಾ?

ಹಾವೇರಿ ಕಡೆಯವ: ಜಗಳ ಬಿಡ್ರಿ. ನಮಗೆ ಗೋವಿನಜೋಳ ಸೂಲಂಗಿ (ತುದಿಯ ಹೂ) ಬಿಟ್ಟಾಗಲೇ ತೊಂದರೆ.

ಧಾರವಾಡದ ಕೃಷಿ ವಿದ್ಯಾರ್ಥಿ: ಸರ್, ಗೋವಿನಜೋಳದ ಪರಾಗ ಭಾರ, ಬಹಳ ದೂರ ಹಾರೋದಿಲ್ಲ.

ಹಾವೇರಿ ಕಡೆಯವ: ಹೊಲ ನಮ್ಮ ಕಿಟಕಿಯಿಂದ ಹತ್ತು ಮಾರು ಇದೆ ತಮ್ಮಾ. ನಿನ್ನ ಪುಸ್ತಕ ಎಷ್ಟು ದೂರ ಇದೆ? ಆದರೆ ಒಂದು ಮಾತು ಒಪ್ಪುತ್ತೇನೆ. ಹೋದ ವರ್ಷ ತೆನೆ ಹಸಿ ಇದ್ದಾಗಲೇ ಪಡಸಾಲೆಯಲ್ಲಿ ರಾಶಿ ಹಾಕಿದ್ದೆವು. ಬೂಷ್ಟು ಬಂತು. ಕೆದರಿದಾಗ ಎದ್ದ ಹಸಿರು ಧೂಳಿಗೆ ಮಗಳಿಗೆ ರಾತ್ರಿಯೆಲ್ಲ ನೆಬುಲೈಜರ್. ರೇಟ್ ಏರಲಿ ಅಂತ ಇಟ್ಟಿದ್ದ ಮಾಲು, ಕ್ವಿಂಟಲ್‌ಗೆ 300 ಕಡಿಮೆಗೆ ಹೋಯಿತು.

ಕೇಳಿದವರು: ಅಕ್ಕಾರ, ಆ ಸೆಟ್ರಿಜಿನ್ ಎಷ್ಟು ದಿನ ಮೊದಲು ಬಿಡಿಸಬೇಕು?

ಗದಗದ ಅಪ್ಪ: ಹಸಿ ಮಾಲು ಮನೆಯೊಳಗೆ ಯಾರು ಇಡುತ್ತಾರ್ರೀ?

ಹಾವೇರಿ ಕಡೆಯವ: ಸೋರುವ ಗೋಡೆಗೆ ಪೇಂಟ್ ಹೊಡೆಸಿದವರು ಕೇಳಬೇಡಿ.