ಕೇಪಿನ (ಸಿಡಿಮದ್ದಿನ ಪುಟ್ಟ ಟೋಪಿ ಇಟ್ಟು ಹೊಡೆಯೋ ಹಳೇ) ರಿವಾಲ್ವರ್ ಬಲ್ಲವರು ಹೇಳಿ: ಹೊಸದಾಗಿ ನೀಲಿ (ಕಬ್ಬಿಣಕ್ಕೆ ಕೊಡೋ ನೀಲಿ ಮೆರುಗು) ಹಾಕಿಸಿದ ಟ್ರಾಂಟರ್ ತಗೋಬಹುದಾ?

ತೀರ್ಥಹಳ್ಳಿ_ಹುಡುಗ: ಬರ್ಮಿಂಗ್‌ಹ್ಯಾಮ್ ಹತ್ತಿರ ನಾನಿರೋ ಊರಲ್ಲಿ ಹರಾಜಿಗೆ ವಿಲಿಯಂ ಟ್ರಾಂಟರ್ ಮಾಡಿದ ಎರಡು ಟ್ರಿಗರಿನ ರಿವಾಲ್ವರ್ ಬರ್ತಿದೆ. 54 ಬೋರ್ (ನಳಿಗೆ ತೂತಿನ ಅಳತೆ), ಐದು ಗುಂಡಿನದು. ಮರದ ಪೆಟ್ಟಿಗೆ, ಗುಂಡು ಎರೆಯೋ ಅಚ್ಚು ಎಲ್ಲ ಇದೆ. ಆದರೆ ನಳಿಗೆ ಮೊನ್ನೆ ಮಾಡಿದ ಹಾಗೆ ನೀಲಿಯಾಗಿ ಹೊಳೀತಿದೆ. ಅಲ್ಲೇ ಅಮೆರಿಕದ ಕೋಲ್ಟ್ ಕಂಪನಿ ಲಂಡನ್‌ನಲ್ಲಿ ಮಾಡಿದ 'ಕೋಲ್ಟ್ ನೇವಿ' ರಿವಾಲ್ವರೂ ಇದೆ, ಅದೂ ಇಂಗ್ಲಿಷ್ ರಿವಾಲ್ವರೇ ತಾನೆ. ಯಾವುದಕ್ಕೆ ಕೂಗಲಿ? ಅಜ್ಜನ ಮನೇಲಿ ಕೇಪಿನ ಕೋವಿ ನೋಡಿ ಬೆಳೆದವನು. ಆರು ವರ್ಷದಿಂದ ದುಡ್ಡು ಕೂಡಿಟ್ಟಿದ್ದೀನಿ. ಮುಂದೆ ಊರಿಗೂ ತರೋ ಆಸೆ ಇದೆ.

ಕೇಪುಕೋವಿ: ಹೊಳೀತಿದೆ ಅಂದ್ರಲ್ಲ, ಅದೇ ಅನುಮಾನ. ಹೊಸ ನೀಲಿ ಹಾಕೋ ಮೊದಲು ತುಕ್ಕು ಉಜ್ಜಿ ತೆಗೀತಾರೆ, ತುಕ್ಕಿನ ಜತೆ ಕಬ್ಬಿಣವೂ ಹೋಗುತ್ತೆ. ಭೂತಗನ್ನಡಿ ಹಿಡಿದು ಚೌಕಟ್ಟಿನ ಮೇಲ್ಪಟ್ಟಿಯ ಅಕ್ಷರ ನೋಡಿ. ಅಂಚು ಚೂಪಾಗಿರಬೇಕು. ಬಳಸಿ ಸವೆದ ಸೋಪಿನ ಮೇಲಿನ ಹೆಸರಿನ ಹಾಗೆ ಕಂಡ್ರೆ ಯಾರೋ ಉಜ್ಜಿದ್ದಾರೆ ಅಂತಲೇ. ಸ್ಕ್ರೂ ತಲೆಯ ಸೀಳು ಅಗಲ ಆಗಿದೆಯಾ, ಸಿಲಿಂಡರ್ ಮೇಲಿನ ಪ್ರೂಫ್ ಮುದ್ರೆ (ಹೊಡೆದು ಪರೀಕ್ಷೆ ಮಾಡಿದ್ದಕ್ಕೆ ಒತ್ತಿದ ಗುರುತು) ಓದೋಕೆ ಬರುತ್ತಾ ನೋಡಿ. ಸಿಲಿಂಡರಿಗೆ ಗುಂಡು ಒತ್ತೋ ಸನ್ನೆಕೋಲು ಇದೆಯಾ? ಮೊದಲಿನ ಟ್ರಾಂಟರ್‌ಗಳಲ್ಲಿ ಅದು ಬಿಚ್ಚಿಡೋ ತುಂಡು. ಕಳೆದುಹೋಗಿ ಬೇರೆಯದನ್ನ ಸೇರಿಸಿರೋದೇ ಹೆಚ್ಚು.

ಆಡಮ್ಸ್_54: "ಅದೂ ಇಂಗ್ಲಿಷ್ ರಿವಾಲ್ವರೇ ತಾನೆ" ಅಂತೆ! ಅಲ್ಲ ರೀ. ಲಂಡನ್‌ನಲ್ಲಿ ಮಾಡಿದ ಮಾತ್ರಕ್ಕೆ ಇಂಗ್ಲಿಷ್ ಆಗಿಬಿಡುತ್ತಾ? ಇಂಗ್ಲಿಷ್ ರಿವಾಲ್ವರ್ ಅಂದ್ರೆ 1851ರಲ್ಲಿ ರಾಬರ್ಟ್ ಆಡಮ್ಸ್ ಪೇಟೆಂಟ್ ಪಡೆದದ್ದು. ನಳಿಗೆ, ಚೌಕಟ್ಟು ಎರಡೂ ಒಂದೇ ಗಟ್ಟಿಯಲ್ಲಿ ಬಡಿದದ್ದು. ಕೋಲ್ಟ್‌ನ ನಳಿಗೆ ನಿಂತಿರೋದು ಒಂದು ಬೆಣೆಯ ಮೇಲೆ.

ಪಿಮ್ಲಿಕೊ: ಸುಮ್ನೆ ಮಾತಾಡ್ಬೇಡಿ ಸರ್. 1853ರಿಂದ 56ರವರೆಗೆ ಥೇಮ್ಸ್ ದಂಡೆಯ ಪಿಮ್ಲಿಕೊದಲ್ಲಿ ಕೋಲ್ಟ್ ಕಾರ್ಖಾನೆ ನಡೀತು. ನಳಿಗೆ ಮೇಲೆ ಲಂಡನ್ ವಿಳಾಸ, ಲಂಡನ್ ಪ್ರೂಫ್ ಮುದ್ರೆ. ಟ್ರಿಗರ್ ಸುತ್ತಿನ ಬಳೆ ಕೂಡ ಬಹಳಷ್ಟರಲ್ಲಿ ಅಮೆರಿಕದ ಹಿತ್ತಾಳೆ ಅಲ್ಲ, ಕಬ್ಬಿಣ. ಬ್ರಿಟಿಷ್ ಸರಕಾರವೇ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಕೊಂಡಿದೆ.

ಆಡಮ್ಸ್_54: ಸರಕಾರ ಕೊಂಡರೆ ಇಂಗ್ಲಿಷ್ ಆಗಲ್ಲ! ಯಂತ್ರ ಅಮೆರಿಕದ್ದು, ಶುರುವಿನಲ್ಲಿ ಬಿಡಿಭಾಗಗಳೂ ಅಲ್ಲಿನ ಹಾರ್ಟ್‌ಫರ್ಡ್ ಕಾರ್ಖಾನೆಯಿಂದಲೇ ಬಂದವು. ಅದೇ ಸರಕಾರ 1856ರಲ್ಲಿ ಬ್ಯೂಮಾಂಟ್ ಸುಧಾರಿಸಿದ ಆಡಮ್ಸ್, ಅಂದ್ರೆ ಬ್ಯೂಮಾಂಟ್-ಆಡಮ್ಸ್ ಕಡೆ ತಿರುಗಿತು, ಅದನ್ನ ಯಾಕೆ ಬಿಟ್ರಿ? 1857ರ ದಂಗೆಯಲ್ಲಿ ಒಬ್ಬ ಅಧಿಕಾರಿ ಕೋಲ್ಟ್ ನೇವಿಯಿಂದ ಐದು ಗುಂಡನ್ನ ಸಿಪಾಯಿಯ ಎದೆಗೇ ಹೊಡೆದ. ಆದರೂ ಆ ಸಿಪಾಯಿ ಕತ್ತಿ ಬೀಸಿ ಇವನ ತಲೆ ಸೀಳಿದ. ಬ್ರಿಟಿಷ್ ಸೇನೆಯ ಕರ್ನಲ್ ಫಾಸ್ಬೆರಿ ಹೇಳಿದ್ದು ಇದು.

ಪಿಮ್ಲಿಕೊ: "ಒಬ್ಬ ಅಧಿಕಾರಿ". ಯಾರು? ಯಾವ ಪಲ್ಟನ್? ಹೆಸರಿಲ್ಲದ ಕಥೆ ಹಿಡ್ಕೊಂಡು ವಾದ ಮಾಡ್ತಿದ್ದೀರಿ.

ಆಡಮ್ಸ್_54: ಹೆಸರು ಬೇಕಾ? ತಗೊಳ್ಳಿ. 88ನೇ ರೆಜಿಮೆಂಟಿನ ಕ್ರಾಸ್. ಕ್ರಿಮಿಯಾ ಯುದ್ಧದ 1854ರ ಇಂಕರ್ಮನ್ ಕಾಳಗದಲ್ಲಿ ರಷ್ಯನ್ನರು ಸುತ್ತುಗಟ್ಟಿದಾಗ ಆಡಮ್ಸ್ ಕೈಲಿದ್ದದ್ದಕ್ಕೆ ಬದುಕಿದ. ಪ್ರತಿ ಗುಂಡಿಗೂ ಕುದುರೆ (ಕೇಪಿಗೆ ಬಡಿಯೋ ಸುತ್ತಿಗೆ) ಎತ್ತಬೇಕಿದ್ದಿದ್ರೆ ಸತ್ತೇಹೋಗ್ತಿದ್ದೆ ಅಂತ ತಾನೇ ಬರೆದ.

ಪಿಮ್ಲಿಕೊ: ಯಾರಿಗೆ ಬರೆದ? ತಯಾರಕರಿಗೇ. ಅಂಗಡಿಯವನ ಕೈಗೆ ಕೊಟ್ಟ ಹೊಗಳಿಕೆ ಕಾಗದ ಸಾಕ್ಷಿ ಆಗುತ್ತಾ?

ಆಡಮ್ಸ್_54: ಸಾವಿನ ಬಾಯಿಂದ ಬಂದ ಸೈನಿಕನ ಮಾತಿಗೆ ಹೊಗಳಿಕೆ ಕಾಗದ ಅಂತೀರಾ? ನಾಚಿಕೆ ಆಗಬೇಕು ನಿಮಗೆ. ಒಂದಾದರೂ ಆಡಮ್ಸ್ ಕೈಯಲ್ಲಿ ಹಿಡಿದಿದ್ದೀರಾ?

ವಕೀಲ_ಮಂಡ್ಯ: ಜಗಳ ಆಮೇಲೆ ಮಾಡ್ಕೊಳ್ಳಿ. "ಊರಿಗೂ ತರೋ ಆಸೆ" ಅಂದಿದ್ದಾರೆ, ಅದು ಅಪಾಯ. ಇಂಗ್ಲೆಂಡಿನಲ್ಲಿ ಬರೀ ಸಂಗ್ರಹಕ್ಕೆ, ಅಲಂಕಾರಕ್ಕೆ ಇಟ್ಕೊಂಡ್ರೆ ಇಂಥದಕ್ಕೆ ಲೈಸೆನ್ಸ್ ಬೇಡ. ಮದ್ದು ತುಂಬಿ ಹೊಡೀಬೇಕು ಅಂದ್ರೆ ಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಬೇರೆಯೇ ಹೇಳುತ್ತೆ: ಹಳೇದಾಗಿದ್ರೆ ಸಾಲದು, ರಿಪೇರಿ ಮಾಡಿದರೂ ಹೊಡೆಯೋಕೆ ಬರದ ಹಾಗಿರಬೇಕು. ಸುಸ್ಥಿತಿಯ ಟ್ರಾಂಟರ್‌ಗೆ ಆ ರಿಯಾಯ್ತಿ ಸಿಗಲ್ಲ. ಲೈಸೆನ್ಸ್ ಇಲ್ಲದೆ ಪೆಟ್ಟಿಗೇಲಿ ಹಾಕ್ಕೊಂಡು ವಿಮಾನ ಹತ್ತಬೇಡಿ.

ಪಿಮ್ಲಿಕೊ: ಕೈಯಲ್ಲಿ ಹಿಡಿದಿದ್ದೀನಿ ಸರ್. ಆಡಮ್ಸ್‌ನ ಕುದುರೆಗೆ ಹಿಂಬಾಲ (ಹೆಬ್ಬೆರಳು ಇಡೋ ಕೊಂಬು) ಇಲ್ಲ, ಹೆಬ್ಬೆರಳಲ್ಲಿ ಎತ್ತೋಕೇ ಬರಲ್ಲ. ಟ್ರಿಗರ್ ಎಳೆದು ಎಳೆದು ಬೆರಳು ನೋಯುತ್ತೆ, ಗುರಿ ಅಲುಗುತ್ತೆ. ಅದಕ್ಕೇ ಅಲ್ವಾ ಟ್ರಾಂಟರ್ ಎರಡು ಟ್ರಿಗರ್ ಇಟ್ಟದ್ದು? ಕೆಳಗಿನದು ಎಳೆದ್ರೆ ಕುದುರೆ ಏಳುತ್ತೆ, ಮೇಲಿನದು ತಾಗಿಸಿದ್ರೆ ಈಡು.

ಆಡಮ್ಸ್_54: ಆ ಟ್ರಾಂಟರ್ ಶುರು ಮಾಡಿದ್ದೇ ಆಡಮ್ಸ್ ಚೌಕಟ್ಟಿನ ಮೇಲೆ! ಹಿಂಬಾಲವನ್ನ ಬ್ಯೂಮಾಂಟ್ 1855ರಲ್ಲಿ ಕೊಟ್ಟಾಯ್ತು. ಬೇಕಾದ್ದನ್ನ ಮಾತ್ರ ಹೇಳ್ತೀರಿ.

ಪಿಮ್ಲಿಕೊ: "ಕೊಟ್ಟಾಯ್ತು" ಅಂದ್ರೆ ಅಲ್ಲೀವರೆಗೆ ಇರಲಿಲ್ಲ ಅಂತಲೇ ಅಲ್ವಾ.

ತೀರ್ಥಹಳ್ಳಿ_ಹುಡುಗ: ವಕೀಲ್ರೇ, ಉಪಕಾರ ಆಯ್ತು. ಊರಿಗೆ ತರೋ ಮಾತು ಬಿಟ್ಟೆ. ಇವತ್ತು ಸಾಮಾನು ನೋಡೋ ದಿನ, ಹೋಗಿ ಬಂದೆ. ಅಕ್ಷರ ಪೂರ್ತಿಯಾಗಿ ಸವೆದಿಲ್ಲ, ಆದರೆ ಅಂಚು ಮೆತ್ತಗಿದೆ. ಚೌಕಟ್ಟಿನ ನಂಬರಿಗೂ ಸಿಲಿಂಡರಿನ ನಂಬರಿಗೂ ಕೊನೆಯ ಎರಡು ಅಂಕಿ ಬೇರೆ. ಹರಾಜಿನವರು ಹಾಳೆಯಲ್ಲಿ ಅದನ್ನ ಬರೆದೇ ಇಲ್ಲ.

ಕೇಪುಕೋವಿ: ಹಾಗಾದ್ರೆ ಅದು ಎರಡು ರಿವಾಲ್ವರಿನ ತುಂಡು. ಪೆಟ್ಟಿಗೆ ಚೆಂದ ಇದೆ ಅಂತ ಮರುಳಾಗಬೇಡಿ. ಬಣ್ಣ ಹೋಗಿ ಕಂದು ತಿರುಗಿದ್ದರೂ ಪರವಾಗಿಲ್ಲ, ನಂಬರ್ ಕೂಡಿದ್ದು ಸಿಗೋವರೆಗೆ ಕಾಯಿರಿ.

ಪಿಮ್ಲಿಕೊ: ಕಾಯೋದು ಯಾಕೆ? ಕೋಲ್ಟ್ ನೋಡಿ. ನಳಿಗೆ, ಚೌಕಟ್ಟು, ಸಿಲಿಂಡರ್, ಟ್ರಿಗರ್ ಬಳೆ ಎಲ್ಲದರ ಮೇಲೂ ನಂಬರ್ ಇರುತ್ತೆ. ಬೆಣೆ ಹೊರಗೆ ತೆಗೆಸಿ ಅದರ ಮೇಲಿನದನ್ನೂ ಓದಿ.

ಆಡಮ್ಸ್_54: ಟ್ರಾಂಟರ್ ಬಿಟ್ಟಿದ್ದು ಸರಿ. ಕೋಲ್ಟ್ ತಗೊಳ್ಳೋದಾದ್ರೆ ತಗೊಳ್ಳಿ, ನಿಮ್ಮ ದುಡ್ಡು. ಇಂಗ್ಲಿಷ್ ರಿವಾಲ್ವರ್ ಅಂತ ಮಾತ್ರ ಹೇಳ್ಕೊಬೇಡಿ.

ತೀರ್ಥಹಳ್ಳಿ_ಹುಡುಗ: ನಾಳೆ ಬೆಳಿಗ್ಗೆ ಮತ್ತೆ ಹೋಗಿ ಬೆಣೆ ತೆಗೆಸ್ತೀನಿ.