ಅಪ್‌ಡೇಟ್: ಅಮ್ಮನ ಬಾಯಲ್ಲಿ ಬಿಳಿ ಪದರ

ಅಮ್ಮನ ನಾಲಿಗೆ ಮೇಲೆ, ಕೆನ್ನೆಯ ಒಳಗೆಲ್ಲ ಒಡೆದ ಹಾಲಿನ ಹಾಗೆ ಬಿಳಿ ಪದರ, ತಿಳಿಸಾರು ತಾಗಿದರೂ ಉರಿ ಅಂತ ಹೋದ ತಿಂಗಳು ಕೇಳಿದ್ದೆ ಅಲ್ವಾ? 'ಉಷ್ಣ, ಬಿ ಕಾಂಪ್ಲೆಕ್ಸ್ ಕೊಡಿ' ಅಂದವರೇ ಜಾಸ್ತಿ. ಅದಲ್ಲ.

ಡಾಕ್ಟರು ಹತ್ತಿಯಲ್ಲಿ ಮೆಲ್ಲಗೆ ಒರೆಸಿದರು. ಬಿಳಿ ಎದ್ದು ಬಂತು, ಕೆಳಗೆ ಕೆಂಪು ಕೆಂಪು. ಕ್ಯಾಂಡಿಡಾ ಅನ್ನೋ ಫಂಗಸ್‌ನಿಂದ ಬರುವ ಥ್ರಶ್ ಅಂದರು. ಎಷ್ಟೋ ಜನರ ಬಾಯಲ್ಲಿ ಅದು ಸುಮ್ನೆ ಇರುತ್ತದಂತೆ. ಅಮ್ಮ ಆಸ್ತಮಾಗೆ ಸ್ಟೀರಾಯ್ಡ್ ಇನ್ಹೇಲರ್ ಎಳೆದು, ಬಾಯಿ ತೊಳೆಯದೆ ಮಲಗುತ್ತಿದ್ದರು. ಅದೇ ಎಡವಟ್ಟು! ಬಾಯಲ್ಲಿ ಉಳಿದ ಸ್ಟೀರಾಯ್ಡ್‌ನಿಂದ ಫಂಗಸ್ ಹೆಚ್ಚಿತ್ತು. ಸಕ್ಕರೆ ಕಾಯಿಲೆಯೂ ಇರಬಹುದೇನೋ ಅಂತ ರಕ್ತ ಪರೀಕ್ಷೆ ಮಾಡಿಸಿದರು, ಇರಲಿಲ್ಲ.

ಎರಡು ವಾರ ಕ್ಲೋಟ್ರಿಮಜೋಲ್ ಮೌತ್ ಪೇಂಟ್ (ಬಾಯೊಳಗೆ ಹಚ್ಚುವ ಫಂಗಸ್ ಔಷಧಿ) ಹಚ್ಚಿದೆವು. ಇನ್ಹೇಲರ್ ನಿಲ್ಲಿಸಿಲ್ಲ. ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಸೇರಿಸಿದ್ದಾರೆ, ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ನಿನ್ನೆ ಅಮ್ಮ ಬಿಸಿಬೇಳೆಬಾತ್ ಕೇಳಿ ಹಾಕಿಸಿಕೊಂಡರು.